ತಾಸಿಗೆ ಎಷ್ಟು ರೊಟ್ಟಿ

ಮೊನ್ನೆ ನಮ್ಮ ಮನೆಗೆ ಒಂದು ಪುಟ್ಟ ಹಿಟ್ಟಿನ ಗಿರಣಿ ಬಂತು. ಬೀರುವಿಗಿರುವ ಹಾಗೆ ಬಾಗಿಲು, ಕೆಳಗೆ ಗಾಲಿ, ಮೈತುಂಬ ಹೂವಿನ ಚಿತ್ರ. ತಂದುಕೊಟ್ಟ ಹುಡುಗ ಅದರ ಗುಣಗಾನಕ್ಕೆ ನಿಂತ. "ಅಮ್ಮಾರ, ಇದು ಸಪ್ಪಳ ಮಾಡೂದಿಲ್ರಿ. ಕರೆಂಟೂ ಕಮ್ಮಿ ತಿಂತೈತಿ. ಇನ್ನ ಇದರ ಥ್ರೂಪುಟ್ ಅಂತೂ ಕೇಳಬ್ಯಾಡ್ರಿ" ಎಂದ.

"ಏನಂದಿ?"

"ಥ್ರೂಪುಟ್ರಿ. ಅಂದ್ರ, ತಾಸಿಗೆ ಎಷ್ಟು..."

"ಗೊತ್ತೈತಪಾ. ನಿಮ್ಮಪ್ಪ ಹುಟ್ಟೂಕಿಂತ ಮೊದಲ ನನಗ ಗೊತ್ತೈತಿ. ಆ ಮಾತು ಇನ್ನೊಮ್ಮೆ ಈ ಅಡಿಗಿಮನ್ಯಾಗ ಆಡಬ್ಯಾಡ" ಎಂದುಬಿಟ್ಟೆ. ಪಾಪ, ಹುಡುಗ ಗಾಬರಿಯಾಗಿ ರಸೀದಿ ಕೊಟ್ಟವನೇ ನೀರೂ ಕುಡಿಯದೆ ಹೋದ. ಓಣಿಯಲ್ಲಿ ಹೋಗುತ್ತ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದರೆ ಅದು ಅವನ ತಪ್ಪಲ್ಲ.

ಆ ಪದಕ್ಕೆ ಕನ್ನಡದಲ್ಲಿ ಏನನ್ನುತ್ತಾರೋ ನನಗೆ ತಿಳಿಯದು. ಪಂಡಿತರು ಉದ್ದನೆಯದೊಂದನ್ನು ಹೊಸೆದು ಇಟ್ಟಿರಬಹುದು, ಅದನ್ನು ಅವರೇ ಬಳಸಿಕೊಳ್ಳಲಿ. ನಮ್ಮ ಬಳ್ಳಾರಿ ಕಡೆಯ ಜನ "ಎಷ್ಟು ಸಾಗಿತು?" ಎಂದು ಕೇಳುತ್ತಾರೆ. ಹತ್ತಿ ಬಿಡಿಸುವವರನ್ನೂ ಕೇಳುತ್ತಾರೆ, ಗೋಡೆ ಕಟ್ಟುವವರನ್ನೂ ಕೇಳುತ್ತಾರೆ. ಚುರುಕಾಗಿ ಕೆಲಸ ಮಾಡುವ ಹೆಂಗಸನ್ನು "ಅಕಿ ಕೈ ಓಡ್ತೈತಿ" ಎಂದು ಹೊಗಳುತ್ತಾರೆ. ನಾನು ಕಂಡ ಮಟ್ಟಿಗೆ ಓಡುವುದು ಕೈ ಮಾತ್ರ, ಆ ಹೆಂಗಸು ಕೂತಲ್ಲೇ ಕೂತಿರುತ್ತಾಳೆ. ಇದನ್ನು ನನಗೆ ಯಾರೂ ಪುಸ್ತಕದಿಂದ ಕಲಿಸಲಿಲ್ಲ. ನನ್ನ ಚಿಕ್ಕಮ್ಮನನ್ನು ನೋಡಿ ಕಲಿತೆ.

ಮೊದಲು ಪದ ಮನೆಗೆ ಬಂದ ಕಥೆ ಹೇಳುತ್ತೇನೆ. ಅದನ್ನು ತಂದವನು ನಮ್ಮ ದೊಡ್ಡಪ್ಪ. ಬಳ್ಳಾರಿಯ ಒಂದು ಹತ್ತಿ ಜಿನ್ನಿನಲ್ಲಿ, ಎಂದರೆ ಹತ್ತಿಯಿಂದ ಬೀಜ ಬಿಡಿಸಿ ಅರಳೆ ತೆಗೆಯುವ ಕಾರ್ಖಾನೆಯಲ್ಲಿ, ಅವನು ಮೇಸ್ತ್ರಿ. ಅವನಿದ್ದಾಗ ನಾವೆಲ್ಲ ಬಹುವಚನದಲ್ಲೇ ಮಾತಾಡುತ್ತಿದ್ದೆವು. ಈಗ ಬರೆಯಲು ಕೂತರೆ ಏಕವಚನವೇ ಬರುತ್ತಿದೆ, ಬರಲಿ. ಒಂದು ಸಲ ಮದರಾಸಿನಿಂದ ಒಬ್ಬ ಇಂಜಿನಿಯರು ಯಂತ್ರಗಳನ್ನು ನೋಡಲು ಬಂದಿದ್ದ. ವಿಲಾಯಿತಿ ಯಂತ್ರದ ಮೈಗೆ ಬಡಿದ ಹಿತ್ತಾಳೆ ತಗಡನ್ನು ಒರೆಸಿ, ಅಲ್ಲಿದ್ದ ಅಕ್ಷರದ ಮೇಲೆ ಬೆರಳಿಟ್ಟು, ತೆಲುಗು ಬೆರೆತ ಕನ್ನಡದಲ್ಲಿ ದೊಡ್ಡಪ್ಪನಿಗೆ ಪಾಠ ಹೇಳಿದನಂತೆ. ಆ ಪಾಠವನ್ನು ದೊಡ್ಡಪ್ಪ ಸಂಜೆ ಮನೆಗೆ ಬಂದು ನಮಗೆ ಒಪ್ಪಿಸಿದ.

"ಎಷ್ಟು ಹಾಕಿದ್ರಿ ಅನ್ನೂದು ಬ್ಯಾಡ. ಒಳಗ ಎಷ್ಟು ಐತಿ ಅನ್ನೂದೂ ಬ್ಯಾಡ. ಈ ಕಡಿಯಿಂದ ಹೊಕ್ಕಿದ್ದು ತಾಸಿಗೆ ಎಷ್ಟು ಆ ಕಡಿಯಿಂದ ಹೊಂಟಿತು, ಅಷ್ಟ ಹೇಳ್ರಿ. ಅದಕ್ಕ ತ್ರೂಪುಟ್ ಅಂತಾರ. ಎಲ್ಲಿ ಸಾವಕಾಶ ಆಗ್ತೈತಿ, ಅಲ್ಲಿ ಕೈ ಹಾಕಬೇಕು. ಉಳಿದದ್ದು ತಾನ ಸರಿ ಹೋಗ್ತೈತಿ."

ನಾನು ಆಗ ಇಂಗ್ಲಿಷ್ ಕಲಿಯುತ್ತಿದ್ದ ಹೊಸತು. ಮನೆಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ ಎಂಬ ಜಂಬ ಬೇರೆ. "ದೊಡ್ಡಪ್ಪ, ಅದು ತ್ರೂ ಅಲ್ಲ, ಥ್ರೂ" ಎಂದು ತಿದ್ದಲು ಹೋದೆ. "ನಿಂದು ಒಂದ ಕ್ಲಾಸಿನ್ಯಾಗ ಎರಡು ವರ್ಷ ಆತಲ್ಲ ನೀಲಾ, ಮೊದಲು ನಿನ್ನ ತ್ರೂಪುಟ್ ನೋಡ್ಕ" ಎಂದ. ಮನೆಯೆಲ್ಲ ನಕ್ಕಿತು. ನಾನು ಲೆಕ್ಕದಲ್ಲಿ ನಪಾಸಾಗಿದ್ದೆ.

ಅಂದಿನಿಂದ ಆ ಮಾತು ಅವನ ನಾಲಿಗೆ ಬಿಡಲಿಲ್ಲ. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಸಕ್ಕರೆಗೆ ಸಾಲು ನಿಂತು ಬರಿಗೈಲಿ ಬಂದ ದಿನವೂ ಅವನು ಬೈಯುತ್ತಿದ್ದದ್ದು ಸಕ್ಕರೆ ಇಲ್ಲದ್ದಕ್ಕಲ್ಲ, ತೂಗುವವನ ತ್ರೂಪುಟ್ ಸರಿಯಿಲ್ಲ ಎಂದು. ಕ್ಷೌರಿಕ ಕಥೆ ಹೇಳುತ್ತ ಕತ್ತರಿ ನಿಲ್ಲಿಸಿದರೆ ಅವನಿಗೂ ಅದೇ ಉಪದೇಶ. ಹಲಕುಂದಿ ಮಠದಲ್ಲಿ ಪಂಕ್ತಿ ಊಟ ಮಾಡಿ ಬಂದ ದಿನ ಸ್ವಾಮಿಗಳ ಆಶೀರ್ವಚನದ ಬಗ್ಗೆ ಒಂದು ಮಾತಿಲ್ಲ, "ಎಂಥಾ ತ್ರೂಪುಟ್ ಅಂತೀರಿ! ಒಂದು ಪಂಕ್ತಿ ಏಳೂದ್ರಾಗ ಇನ್ನೊಂದಕ್ಕ ಎಲಿ ಬಿದ್ದಿರ್ತಾವ" ಎಂದು ಮೂರು ಮಂದಿಗೆ ಹೇಳಿದ. ಇಷ್ಟರವರೆಗೆ ಅದು ನಮಗೆಲ್ಲ ತಮಾಷೆಯೇ. ಅವನ ಕಣ್ಣು ಅಡುಗೆಮನೆಯ ಕಡೆ ತಿರುಗಿದ ಮೇಲೆ ತಮಾಷೆ ಮುಗಿಯಿತು.

ನಮ್ಮ ಮನೆಯ ಊಟದ ರೀತಿ ಹೇಳಬೇಕು. ಗಂಡಸರು, ಎಂದರೆ ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ, ಪಡಸಾಲೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದರು. ಜೋಳದ ರೊಟ್ಟಿ ಹಂಚಿನಿಂದ ಎದ್ದದ್ದೇ ತಟ್ಟೆಗೆ ಬೀಳಬೇಕು. ಮಾಡಿಟ್ಟ ರೊಟ್ಟಿಯನ್ನು ಮುಟ್ಟುವವರಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರಬೇಕು, ಬರುವುದು ತಡವಾದರೆ ದೊಡ್ಡಪ್ಪ ತಟ್ಟೆಯ ಅಂಚಿಗೆ ಉಗುರಿನಿಂದ ಟಣ್ ಎಂದು ಬಾರಿಸುತ್ತಿದ್ದ. ಬಾಯಿಬಿಟ್ಟು ಕೇಳುವುದು ದೊಡ್ಡಸ್ತಿಕೆಗೆ ಕಡಿಮೆ. ಆ ಟಣ್ ಸದ್ದಿಗೆ ಒಳಗೆ ಬಳೆಗಳು ಇನ್ನಷ್ಟು ಜೋರಾಗಿ ಆಡುತ್ತಿದ್ದವು.

ಬಳೆಗಳು ಚಿಕ್ಕಮ್ಮನವು. ಹಂಪಮ್ಮ ಎಂದು ಹೆಸರು, ಕುರುಗೋಡಿನವಳು, ನಮ್ಮ ಚಿಕ್ಕಪ್ಪನ ಹೆಂಡತಿ. ಕುದಿಯುವ ನೀರಿಗೆ ಹಿಟ್ಟು ಸುರಿದು, ಉಂಡೆ ಕಟ್ಟಿ, ಹಲಗೆಯ ಮೇಲೆ ಎರಡೂ ಅಂಗೈಯಿಂದ ಟಪಟಪ ಬಡಿದು ಅವಳು ರೊಟ್ಟಿ ತಿರುಗಿಸುತ್ತಿದ್ದರೆ ಅದು ತಾನಾಗಿಯೇ ಅಗಲವಾಗುತ್ತಿದೆಯೋ ಎನ್ನಿಸುತ್ತಿತ್ತು. ಹಂಚಿಗೆ ಹಾಕಿ, ನೀರು ಸವರಿ, ಮಗುಚಿ, ಒಲೆಯ ಬಾಯಿಗೆ ಒರಗಿಸಿದರೆ ಪೂರ್ತಿ ಉಬ್ಬುತ್ತಿತ್ತು. ಒಲೆಗೆ ಹತ್ತಿಕಟ್ಟಿಗೆ. ಅದು ಭರ್ರನೆ ಉರಿದು ಭರ್ರನೆ ಆರುವ ಸೌದೆ, ಕೈಯೊಂದು ಯಾವಾಗಲೂ ಒಲೆಯ ಹತ್ತಿರವೇ ಇರಬೇಕು. ಎಲ್ಲರೂ ಉಂಡ ಮೇಲೆ ಅವಳು ಅದೇ ಮಣೆಯ ಮೇಲೆ ಕೂತು, ಹರಿದದ್ದೋ ಸೀದದ್ದೋ ಒಂದು ರೊಟ್ಟಿಯನ್ನು ಉಳಿದ ಪಲ್ಯದ ಜೊತೆ ತಿನ್ನುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಎಂಬುದನ್ನು ಗಾದೆ ಮಾಡಿದವರು ನೋಡಿರಲಿಲ್ಲವೋ, ನೋಡಿಯೂ ಸುಮ್ಮನಿದ್ದರೋ.

ಬೇರೆ ಯಾರೂ ರೊಟ್ಟಿ ಬಡಿಯುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ದೊಡ್ಡಪ್ಪನ ಹೆಂಡತಿ ಹಿಂದೆಯೇ ತೀರಿಕೊಂಡಿದ್ದಳು. ನಮ್ಮವ್ವ ಸಿರುಗುಪ್ಪದವಳು. ಹೊಳೆದಂಡೆಯ ಭತ್ತದ ಸೀಮೆ ಅದು, ಅವರ ಮನೆಯಲ್ಲಿ ಮೂರು ಹೊತ್ತೂ ಅನ್ನ. ಅವ್ವ ಬಡಿದ ರೊಟ್ಟಿ ದಪ್ಪಗೆ, ನಡುವೆ ಹಸಿ, ಅಂಚಿಗೆ ಸೀದು ಇರುತ್ತಿತ್ತು. ದೊಡ್ಡಪ್ಪ ಅದನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ "ಇದನ್ನ ಜಿನ್ನಿನ ಗಾಲಿಗೆ ಹಾಕಬಹುದು" ಎಂದಿದ್ದ. ಅವ್ವ ಮತ್ತೆ ಹಂಚಿನ ಮುಂದೆ ಕೂರಲಿಲ್ಲ. ನನ್ನದಂತೂ ಕೇಳಬೇಡಿ. ನಾನು ಬಡಿದದ್ದು ಹಲಗೆಯಿಂದ ಎತ್ತುವಾಗಲೇ ಭೂಗೋಳ ಪುಸ್ತಕದ ಮದರಾಸು ಪ್ರಾಂತದ ನಕ್ಷೆಯಾಗುತ್ತಿತ್ತು, ಹಂಚಿಗೆ ಬೀಳುವಷ್ಟರಲ್ಲಿ ಪ್ರಾಂತವೂ ಒಡೆಯುತ್ತಿತ್ತು. ಹಾಗಾಗಿ ಹಂಚೆಂದರೆ ಹಂಪಮ್ಮ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಆ ವರ್ಷ ಬೇಸಿಗೆಗೆ ಮುಂಚೆ, ಕುರುಗೋಡಿನಿಂದ ಮೆಣಸಿನಕಾಯಿ ಮಾರಲು ಬಳ್ಳಾರಿಗೆ ಬರುತ್ತಿದ್ದ ಈರಣ್ಣ ನಮ್ಮ ಮನೆಗೆ ಬಂದ. ಚಿಕ್ಕಮ್ಮನ ತವರಿನ ಪಕ್ಕದ ಮನೆಯವನು. ಬಾಗಿಲಲ್ಲೇ ನಿಂತು ಹೇಳಿದ: "ಹಂಪಮ್ಮ, ನಿಮ್ಮವ್ವ ಹಾಸಿಗಿ ಹಿಡ್ದಾಳ. ನಿನ್ನ ತಂಗಿ ನೋಡ್ಕೊಳ್ತಾಳ ಖರೆ, ಆದ್ರ ಮುದುಕಿ ಬಾಯಾಗ ನಿಂದ ಹೆಸರು. ಬಾಗಲಾ ಸಪ್ಪಳಾದ್ರ ಹಂಪಿ ಬಂದ್ಲೇನು ಅಂತಾಳ. ಒಮ್ಮೆ ಬಂದು ಮುಖ ತೋರಿಸಿ ಹೋಗವ್ವ."

ಅವಳು ತವರಿಗೆ ಹೋಗಿ ಬಹಳ ದಿನಗಳಾಗಿದ್ದವು. ಬಳ್ಳಾರಿಗೂ ಕುರುಗೋಡಿಗೂ ಏನು ಮಹಾ ದೂರ? ಇದ್ದಲಿನ ಹೊಗೆಯಲ್ಲಿ ಓಡುವ ಬಸ್ಸು ಆಗಲೂ ಇತ್ತು. ಏರು ಬಂದಾಗ ಜನ ಇಳಿದು ನಡೆಯಬೇಕಿತ್ತು ಅಷ್ಟೆ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುತ್ತಿತ್ತು. ಆದರೆ ಸೊಸೆ ಹಾಗೆಲ್ಲ ಒಬ್ಬಳೇ ಬಸ್ಸು ಹತ್ತುವ ಕಾಲವಲ್ಲ. ಗಂಡ ಕರೆದೊಯ್ಯಬೇಕು, ಹೋದವಳು ನಾಲ್ಕು ದಿನವಾದರೂ ಇರಬೇಕು. ಚಿಕ್ಕಪ್ಪ ಒಳ್ಳೆಯವನೇ, ಅಣ್ಣನ ಮುಖ ನೋಡದೆ ಉಗುಳನ್ನೂ ನುಂಗದಂಥ ಒಳ್ಳೆಯವನು. ಅವನು ಅಣ್ಣನನ್ನು ಕೇಳಿದ.

"ಹೋಗಲಿ. ಯಾರು ಬ್ಯಾಡ ಅಂದಾರು?" ಎಂದ ದೊಡ್ಡಪ್ಪ. "ತಾಯಿ ಅಂದ್ಮ್ಯಾಲ ನೋಡಾಕ ಹೋಗಬೇಕು. ಆದ್ರ ಹಂಚಿನ ಮುಂದ ಯಾರು ಕೂಡ್ತಾರ? ಜಿನ್ನು ಎರಡೂ ಪಾಳಿ ನಡ್ದೈತಿ, ನಾನು ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಅದೊಂದು ವ್ಯವಸ್ಥಾ ಆಗಲಿ, ಮರುದಿನಾನ ಹೋಗಲಿ."

ಯಾರು ಬೇಡ ಅಂದಾರು? ಈ ಮಾತಿನಷ್ಟು ನನಗೆ ಸಿಟ್ಟು ತರಿಸುವ ಮಾತು ಇನ್ನೊಂದಿಲ್ಲ. ಬೇಡ ಎಂದಿದ್ದರೆ ಅವಳು ಅತ್ತು ರಂಪ ಮಾಡಬಹುದಿತ್ತು, ಗಂಡನ ಮೇಲೆ ಹರಿಹಾಯಬಹುದಿತ್ತು. ಒಪ್ಪಿಗೆ ಕೊಟ್ಟವರ ಮೇಲೆ ಯಾರು ಜಗಳಕ್ಕೆ ಹೋಗುತ್ತಾರೆ? ಜೊತೆಗೆ ನಮ್ಮ ಮನೆಯಲ್ಲಿ ಕಿರಿಯ ಸೊಸೆ ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಅವನು ಪಡಸಾಲೆಗೆ ಬಂದರೆ ಸೆರಗು ತಲೆಯ ಮೇಲೆ, ಮುಖ ಗೋಡೆಯ ಕಡೆ. ಹೇಳುವುದೇನಾದರೂ ಇದ್ದರೆ ನಮ್ಮವ್ವನಿಗೋ ಕಂಬಕ್ಕೋ ಹೇಳಿದಂತೆ ಹೇಳಬೇಕು. ಅವನೂ ಹಾಗೆಯೇ, "ಹೇಳ್ರಿ ಅಕಿಗೆ" ಎಂದು ಗಾಳಿಗೆ ಹೇಳುತ್ತಿದ್ದ. ಮದುವೆಯಾಗಿ ಬಂದಂದಿನಿಂದ ಅವರಿಬ್ಬರೂ ಒಂದು ಮಾತು ಎದುರೆದುರು ಆಡಿದ್ದನ್ನು ನಾನು ಕೇಳಿರಲಿಲ್ಲ.

ವ್ಯವಸ್ಥೆಯನ್ನು ದೊಡ್ಡಪ್ಪನೇ ಮಾಡಿದ. ಎಲ್ಲಿ ಸಾವಕಾಶ ಆಗುತ್ತದೋ ಅಲ್ಲಿ ಕೈ ಹಾಕಬೇಕಲ್ಲ? ಒಂದು ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುವುದನ್ನು ಜೇಬುಗಡಿಯಾರ ಹಿಡಿದು ನೋಡಿದ. "ಅಕಿ ಕೈ ತಪ್ಪಿಲ್ಲ. ಹಂಚ ತಡಾ ಮಾಡ್ತೈತಿ. ಬಡಿದ ರೊಟ್ಟಿ ಹಂಚಿಗೆ ಕಾಯ್ತೈತಿ" ಎಂದು ತೀರ್ಪು ಕೊಟ್ಟ. ಮರುವಾರ ಕೆಲಸದವರನ್ನು ಕರೆಸಿ ಎರಡು ಬಾಯಿಯ ಒಲೆ ಹಾಕಿಸಿದ, ಇನ್ನೊಂದು ಹಂಚು ತಂದ. ಉಪಾಯ ಹೀಗಿತ್ತು: ದಿನದ ರೊಟ್ಟಿಯ ಜೊತೆಗೆ ಚಿಕ್ಕಮ್ಮ ಎರಡನೆಯ ಹಂಚಿನ ಮೇಲೆ ಖಡಕ್ ರೊಟ್ಟಿ ಮಾಡುತ್ತ ಹೋಗಬೇಕು. ತೆಳ್ಳಗೆ ಬಡಿದು, ನೀರಿನಂಶ ಪೂರಾ ಹೋಗುವ ಹಾಗೆ ಸುಟ್ಟು ಗರಿಗರಿ ಮಾಡಿದ ಆ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಮನೆಯವರಿಗೆ ಒಂದು ವಾರಕ್ಕೆ ಸಾಲುವಷ್ಟು ಕೂಡಿದರೆ ಅವಳು ಊರಿಗೆ ಹೋಗಬಹುದು. ಆ ವಾರ ಗಂಡಸರು ಬಿಸಿರೊಟ್ಟಿಯ ಆಸೆ ಬಿಟ್ಟು ಅದನ್ನೇ ತಿನ್ನುತ್ತಾರೆ. ದೊಡ್ಡಪ್ಪ ಇದನ್ನು ಎಂಥ ತ್ಯಾಗ ಎಂಬಂತೆ ಹೇಳಿದ.

ಚಿಕ್ಕಮ್ಮ ಇದನ್ನು ಸಂಭ್ರಮದಿಂದಲೇ ಕೇಳಿಸಿಕೊಂಡಳು. ಮೂಲೆಯಲ್ಲಿ ದೊಡ್ಡ ಬುಟ್ಟಿ ಇಟ್ಟಳು, ಅದಕ್ಕೆ ಬಿಳಿ ಅರಿವೆ ಹಾಸಿದಳು. ಎರಡು ಹಂಚಿನ ನಡುವೆ ಅವಳ ಕೈ ಆಡುವುದನ್ನು ಅಕ್ಕಪಕ್ಕದವರು ನೋಡಲು ಬರುತ್ತಿದ್ದರು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋದರೆ ಭುಜದಿಂದ ಒರೆಸಿಕೊಳ್ಳುತ್ತಿದ್ದಳು. ಬಳ್ಳಾರಿಯ ಬೇಸಿಗೆ, ಮೇಲೆ ತಗಡಿನ ಸೂರು, ಮುಂದೆ ಎರಡು ಬೆಂಕಿ. "ನೋಡು ನೀಲಾ, ಬುಟ್ಟಿ ಅರ್ಧ ಆತು. ನಮ್ಮವ್ವನ ಮನಿ ಅರ್ಧ ದಾರಿ ಮುಟ್ಟಿದಂಗಾತು" ಎನ್ನುತ್ತಿದ್ದಳು. ಹಪ್ಪಳ ಸಂಡಿಗೆ ಯಾವುದನ್ನು ಒಯ್ಯಬೇಕು, ತನ್ನವ್ವನಿಗೆ ಮೆತ್ತನೆಯ ಯಾವ ಸೀರೆ ಒಯ್ಯಬೇಕು ಎಂದು ನನ್ನ ಜೊತೆ ಚರ್ಚೆ. ತನ್ನ ಹಳೆಯ ಹತ್ತಿ ಸೀರೆಯೊಂದನ್ನು ಒಗೆದು ಮಡಿಸಿ ಇಟ್ಟೂ ಆಯಿತು.

ಬುಟ್ಟಿ ತುಂಬುವ ಹೊತ್ತಿಗೆ ಸಿರುಗುಪ್ಪದಿಂದ ಸೋಮಣ್ಣ ಮಾವ ಬಂದ. ನಮ್ಮವ್ವನ ಅಣ್ಣ. ಹೊಳೆದಂಡೆಯ ಒಂದು ಗದ್ದೆಯ ಬದುವಿನ ವ್ಯಾಜ್ಯಕ್ಕಾಗಿ ಬಳ್ಳಾರಿ ಕೋರ್ಟಿಗೆ ಅಲೆಯುವುದೇ ಅವನ ಉದ್ಯೋಗ. ಬರುವಾಗ ತನ್ನ ಕಡೆಯ ಸಾಕ್ಷಿಗಳನ್ನೂ ಕರೆತರುತ್ತಿದ್ದ, ತೆಕ್ಕಲಕೋಟೆಯ ಇಬ್ಬರು ಬೀಗರನ್ನೂ ಕರೆತರುತ್ತಿದ್ದ. ಸಾಕ್ಷಿಗಳು ಕೋರ್ಟಿನಲ್ಲಿ ಏನು ನುಡಿಯುತ್ತಿದ್ದರೋ ಕಾಣೆ, ನಮ್ಮ ಮನೆಯಲ್ಲಿ ಮಾತ್ರ ಚೆನ್ನಾಗಿ ಉಣ್ಣುತ್ತಿದ್ದರು. ಅಂದು ದಿನದ ರೊಟ್ಟಿ ಸಾಲಲಿಲ್ಲ. ಅವ್ವ ಬುಟ್ಟಿಯ ಕಡೆ ನೋಡಿದಳು, ಆಮೇಲೆ ಚಿಕ್ಕಮ್ಮನ ಕಡೆ ನೋಡಿದಳು.

"ಹಂಪಮ್ಮ, ಒಂದೀಟು ಇದರಾಗಿಂದ ಕೊಡೂಣೇನ?"

"ಕೊಡಕ್ಕ. ನಿಮ್ಮ ತವರಿನವರು" ಎಂದಳು ಚಿಕ್ಕಮ್ಮ. ಬೇರೇನು ಹೇಳಬೇಕಿತ್ತು?

ಅನ್ನದ ಸೀಮೆಯವರಿಗೆ ಖಡಕ್ ರೊಟ್ಟಿ ಹೊಸ ರುಚಿ. ಕೆನೆಮೊಸರು, ಶೇಂಗಾ ಚಟ್ನಿ ಹಚ್ಚಿಕೊಂಡು ಹಪ್ಪಳ ತಿನ್ನುವಂತೆ ತಿಂದರು. "ಏಮಮ್ಮಾ, ಎಂಥಾ ಕೈ ನಿಂದು! ನಮ್ಮ ಸಿರುಗುಪ್ಪದಾಗ ಇಂಥಾ ರೊಟ್ಟಿ ಕನಸಿನ್ಯಾಗೂ ಕಾಣೂದಿಲ್ಲ" ಎಂದ ಸೋಮಣ್ಣ ಮಾವ. ವಾಯಿದೆ ಮುಂದೆ ಹೋಯಿತು, ಅವರೂ ಎರಡು ದಿನ ಹೆಚ್ಚಿಗೆ ಉಳಿದರು. ಹೋಗುವಾಗ ದಾರಿಗೆಂದು ದೊಡ್ಡಪ್ಪನೇ ಕಟ್ಟಿಸಿಕೊಟ್ಟ. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ. ಬುಟ್ಟಿಯ ತಳದ ಅರಿವೆಯಲ್ಲಿ ಚೂರುಗಳು ಉಳಿದಿದ್ದವು, ಚಿಕ್ಕಮ್ಮ ಅದನ್ನು ಹಿತ್ತಲಲ್ಲಿ ಕೊಡವಿದಳು.

ನಮ್ಮವ್ವನ ತವರಿನವರು ಬಂದು ಬಂದು ಉಂಡು ಹೋದರು, ಚಿಕ್ಕಮ್ಮನಿಗೆ ತನ್ನ ತವರಿಗೆ ಒಮ್ಮೆಯೂ ಹೋಗಲಾಗಲಿಲ್ಲ. ಅವ್ವನಿಗೆ ಇದು ತಿಳಿಯದೆ ಇರಲಿಲ್ಲ. ಅಂದು ರಾಶಿ ಪಾತ್ರೆಯ ಮುಂದೆ ಕೂತು "ನಮ್ಮಣ್ಣಗ ಬರಬ್ಯಾಡ ಅಂತ ಹೆಂಗ ಹೇಳ್ಲಿ" ಎಂದು ತನಗೆ ತಾನೇ ಅಂದುಕೊಂಡಳು. ಪಾತ್ರೆಗಳು ಬೆಳಗಿದವು, ಮಾತು ಅಲ್ಲಿಗೇ ನಿಂತಿತು.

ಚಿಕ್ಕಮ್ಮ ಮತ್ತೆ ಮೊದಲಿನಿಂದ ಶುರುಮಾಡಿದಳು. ಈರಣ್ಣ ಮತ್ತೆ ಬಂದು ಮುದುಕಿಗೆ ಗಂಜಿ ಇಳಿಯುತ್ತಿಲ್ಲ ಎಂದು ಹೇಳಿ ಹೋದ. ಅವಳ ಕೈ ಇನ್ನೂ ಚುರುಕಾಯಿತು. ಅಷ್ಟರಲ್ಲಿ ಎರಡು ಹಂಚಿನ ಸುದ್ದಿ ಜಿನ್ನಿನವರೆಗೆ ಮುಟ್ಟಿತ್ತು, ಮುಟ್ಟಿಸಿದವನು ದೊಡ್ಡಪ್ಪನೇ. ಮೊದಲು ಹಬ್ಬಕ್ಕೋ ಹುಣ್ಣಿಮೆಗೋ ಒಬ್ಬರನ್ನು ಊಟಕ್ಕೆ ಕರೆಯುತ್ತಿದ್ದವನು ಈಗ "ಬರ್ರಿ, ನಮ್ಮನ್ಯಾಗ ರೊಟ್ಟಿಗೇನು ಕಮ್ಮಿ" ಎಂದು ಕಂಡಕಂಡವರನ್ನು ಕರೆದುಕೊಂಡು ಬಂದ. ಕಂಟೋನ್ಮೆಂಟಿನ ಕಡೆಯ ಒಬ್ಬ ಗುಮಾಸ್ತ ಬಂದ, ಅರಳೆ ಕೊಳ್ಳುವ ದಲ್ಲಾಳಿಗಳು ಬಂದರು, ಕೊನೆಗೆ ಮದರಾಸಿನ ಆ ಇಂಜಿನಿಯರೂ ಬಂದ. ಅವನಿಗೆ ದೊಡ್ಡಪ್ಪ ಒಲೆಯನ್ನು ತೋರಿಸಿದ, ಬುಟ್ಟಿಯನ್ನು ತೋರಿಸಿದ. ಗೋಡೆಯ ಕಡೆ ತಿರುಗಿದ್ದ ಬೆನ್ನನ್ನೂ ತೋರಿಸಿದ. ಇಂಜಿನಿಯರು ತಲೆದೂಗಿ ಎರಡು ಖಡಕ್ ರೊಟ್ಟಿ ತಿಂದು, ಬಾಳ ಬಾಗುಂದಿ, ಬಹಳ ಚೆನ್ನಾಗಿದೆ, ಎಂದು ಹೋದ. ಎರಡನೆಯ ಬುಟ್ಟಿಯೂ ಹೀಗೆ ಕರಗಿತು.

ನಾನು ಲೆಕ್ಕದಲ್ಲಿ ನಪಾಸಾದವಳು. ಆದರೂ ನನಗೆ ಅಷ್ಟು ಹೊತ್ತಿಗೆ ಒಂದು ತಿಳಿದಿತ್ತು. ಅವಳು ಎಷ್ಟು ಬೇಗ ಬಡಿಯುತ್ತಾಳೋ ಅಷ್ಟೇ ಬೇಗ ಬಾಯಿಗಳು ಹುಟ್ಟಿಕೊಳ್ಳುತ್ತವೆ. ಒಂದೇ ಹಂಚಿದ್ದಾಗ ಅವಳು ಇಷ್ಟು ದಣಿಯುತ್ತಿರಲಿಲ್ಲ, ಎರಡಾದ ಮೇಲೂ ಊರು ಹತ್ತಿರವಾಗಲಿಲ್ಲ. ಒಂದು ದಿನ ತಡೆಯಲಾರದೆ ಹೇಳಿದೆ: "ಚಿಕ್ಕಮ್ಮ, ನೀ ಸಾವಕಾಶ ಮಾಡು. ಕೈ ನೋಯ್ತೈತಿ ಅನ್ನು. ಹಂಚ ಇಳಿಸಿ ಕುಂತುಬಿಡು. ಆವಾಗ ಕಳಿಸ್ತಾರ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಹಂಗಂದ್ರ ಕಳಿಸೂದಿಲ್ಲಲೇ ನೀಲಾ, ಇನ್ನೊಬ್ಬಾಕಿನ್ನ ತರ್ತಾರ. ಬಡಿಯೂ ಕೈ ಇದ್ರನ ನಾನು ಹಂಪಮ್ಮ" ಎಂದಳು. ಅದನ್ನು ಅಳುತ್ತ ಹೇಳಲಿಲ್ಲ. ಉಪ್ಪು ಸಾಕೇನು ಎಂದು ಕೇಳುವ ದನಿಯಲ್ಲಿ ಹೇಳಿದಳು.

ಮೂರನೆಯ ಬುಟ್ಟಿಯ ಹೊತ್ತಿಗೆ ಅವಳು ಜಾಣೆಯಾಗಿದ್ದಳು. ಅದನ್ನು ಅಡುಗೆಮನೆಯಲ್ಲಿ ಇಡದೆ ಒಳಕೋಣೆಯಲ್ಲಿ, ಹೊದಿಕೆಗಳ ಹಿಂದೆ ಇಟ್ಟಳು. ಅವ್ವ ಈ ಸಲ ಯಾರಿಗೂ ಹೇಳಲಿಲ್ಲ. ಸೋಮಣ್ಣ ಮಾವ ಬಂದಾಗಲೂ ಬಾಯಿಬಿಡದೆ ಅನ್ನ ಮಾಡಿ ಬಡಿಸಿದಳು. ಬುಟ್ಟಿ ಬಾಯಿಮಟ್ಟ ತುಂಬಿತು. ಚಿಕ್ಕಪ್ಪ ಹೆದರುತ್ತ ಹೆದರುತ್ತ ಅಣ್ಣನಿಗೆ ಹೇಳಿದ, ಬರುವ ಸೋಮವಾರ ಹೊರಡುವುದು ಎಂದು ನಿಶ್ಚಯವೂ ಆಯಿತು. ಅಂದು ಸಂಜೆ ಚಿಕ್ಕಮ್ಮ ನನ್ನ ತಲೆ ಬಾಚುತ್ತ ಕುರುಗೋಡಿನ ಗುಡ್ಡದ ಕಥೆ ಹೇಳಿದಳು. ಚಿಕ್ಕವಳಿದ್ದಾಗ ಅದರ ಬಂಡೆಗಳ ಮೇಲೆ ಹತ್ತಿ ಕೂತರೆ ಅವಳ ಅವ್ವ ಕೆಳಗಿನಿಂದ ಬೈಯುತ್ತಿದ್ದಳಂತೆ. ಆ ಬೈಗಳನ್ನು ಅವಳು ಒಂದೂ ಬಿಡದೆ ಹೇಳಿ ನಕ್ಕಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಇದರಲ್ಲಿ ದೈವವನ್ನು ಎಳೆಯಲು ನನಗೆ ಮನಸ್ಸಿಲ್ಲ. ದೈವ ಆ ಮುದುಕಿಯನ್ನು ಬೇಸಿಗೆಯಿಡೀ ಉಳಿಸಿಕೊಟ್ಟಿತ್ತು.

ಶನಿವಾರ ಬೆಳಿಗ್ಗೆ ಗಂಡಸರು ಉಣ್ಣಲು ಕೂತಿದ್ದಾಗ ಈರಣ್ಣ ಬಂದ. ಈ ಸಲ ಮೆಣಸಿನಕಾಯಿ ಚೀಲವಿರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಎಲ್ಲರಿಗೂ ತಿಳಿಯಿತು. ಚಿಕ್ಕಮ್ಮ ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿದಳು, ಅದು ಬೇಯುವವರೆಗೂ ನೋಡಿದಳು, ತೆಗೆದು ಇಟ್ಟಳು. ಆಮೇಲೆ ಕುಸಿದಳು. ಆ ರೊಟ್ಟಿಯನ್ನು ಸೀಯಲು ಬಿಟ್ಟಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ದೊಡ್ಡಪ್ಪ ಆ ದಿನ ಜಿನ್ನಿಗೆ ಹೋಗಲಿಲ್ಲ. ತಾನೇ ಓಡಾಡಿ ಒಂದು ಬಾಡಿಗೆ ಮೋಟಾರು ಗೊತ್ತುಮಾಡಿದ. ತಾಯಿ ಬದುಕಿದ್ದಾಗ ಸಿಗದ ಮೋಟಾರು ಸತ್ತ ಮೇಲೆ ಅರ್ಧ ತಾಸಿನಲ್ಲಿ ಬಾಗಿಲಿಗೆ ಬಂತು. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬೀಗರು ಬುತ್ತಿ ಕಟ್ಟಿಕೊಂಡು ಹೋಗಬೇಕು, ಮಣ್ಣು ಮಾಡಿ ಬಂದವರಿಗೆ ಅದೇ ಊಟ. ಹೊರಡುವ ಗಡಿಬಿಡಿಯಲ್ಲಿ ಬುತ್ತಿ ಮಾಡಲು ಸಮಯವೆಲ್ಲಿ? ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಕೋಣೆಗೆ ಹೋಗಿ, ಹೊದಿಕೆಗಳನ್ನು ಸರಿಸಿ, ಆ ಬುಟ್ಟಿಯನ್ನು ತಂದು ಮೋಟಾರಿನಲ್ಲಿ ಇಟ್ಟಳು. ಚಿಕ್ಕಮ್ಮನ ಕಾಲ ಬಳಿಯೇ ಇಟ್ಟಳು, ಬೇರೆ ಜಾಗವಿರಲಿಲ್ಲ. ದಾರಿಯುದ್ದಕ್ಕೂ ಮೋಟಾರು ಕುಲುಕಿದಾಗಲೆಲ್ಲ ಒಳಗೆ ರೊಟ್ಟಿಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು.

ಗುಡ್ಡದ ಬುಡದ ಓಣಿಯಲ್ಲಿ ಆ ಮನೆ. ಮುದುಕಿಗೆ ವಿಭೂತಿ ಹಚ್ಚಿ ಕೂರಿಸಿದ್ದರು. ಮುಖ ಮಾತ್ರ ಕಾಣುತ್ತಿತ್ತು, ಅದೂ ಬತ್ತಿ ಹೋಗಿ ಮಗುವಿನ ಮುಖದಷ್ಟಾಗಿತ್ತು. ಚಿಕ್ಕಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಏನೇನೋ ಕೇಳಿದಳು. ಅದನ್ನೆಲ್ಲ ಬರೆಯಲಾರೆ. ಅವಳ ತಂಗಿ "ನಿನ್ನಿ ರಾತ್ರಿತನಾ ಬಾಗಲಾ ನೋಡಿದ್ಲಕ್ಕ" ಎಂದಳು. ಹೇಳಬಾರದಿತ್ತು, ಆದರೆ ಅವಳಾದರೂ ಯಾರಿಗೆ ಹೇಳಬೇಕು?

ಮಣ್ಣು ಮಾಡಿ, ಸ್ನಾನ ಮಾಡಿ ಬಂದವರು ಅಂಗಳದಲ್ಲಿ ಸಾಲಾಗಿ ಕೂತರು. ನಮ್ಮವ್ವ ಬುಟ್ಟಿ ಬಿಚ್ಚಿದಳು. ಓಣಿಯ ಜನ, ಗುಣಿ ತೋಡಿದವರು, ಬೀಗರು ಎಲ್ಲರಿಗೂ ರೊಟ್ಟಿ ಹಂಚಿದ್ದಾಯಿತು. ಚಿಕ್ಕಮ್ಮ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದಳು, ಯಾರು ಹೇಳಿದರೂ ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಹಸಿದಿದ್ದ ಜನ ಉಂಡರು. ಹಿರಿಯರೊಬ್ಬರು ರೊಟ್ಟಿಯನ್ನು ಬಿಸಿಲಿಗೆ ಎತ್ತಿ ಹಿಡಿದು, "ಕಾಗದ ಇದ್ದಂಗ ಅದಾವಲ್ರಿ! ಯಾರು ಬಡಿದದ್ದು?" ಎಂದರು.

"ನಮ್ಮ ಹಂಪಮ್ಮ" ಎಂದ ದೊಡ್ಡಪ್ಪ. ಅವನ ದನಿಯಲ್ಲಿ ದುಃಖವೂ ಇತ್ತು, ಇಲ್ಲವೆಂದರೆ ನಾನು ಸುಳ್ಳು ಹೇಳಿದಂತೆ. ಆದರೆ ನಾಲಿಗೆಗೆ ಅಂಟಿದ್ದು ಸಾವಿನ ಮನೆಯಲ್ಲೂ ಬಿಡಲಿಲ್ಲ. "ಇಷ್ಟು ಮಂದಿ ಉಂಡ್ರು ನೋಡ್ರಿ, ಒಂದೂ ಕಮ್ಮಿ ಬೀಳಲಿಲ್ಲ. ಅಕಿ ತ್ರೂಪುಟ್ ಹಂಗೈತಿ."

ಚಿಕ್ಕಮ್ಮ ಗೋಡೆ ಬಿಟ್ಟು ಎದ್ದಳು. ಸೆರಗು ಹೆಗಲ ಮೇಲಿತ್ತು, ತಲೆಯ ಮೇಲೆ ಎಳೆದುಕೊಳ್ಳಲಿಲ್ಲ. ಸಾಲಿನ ಮುಂದೆ ನಡೆದು ಬಂದು ದೊಡ್ಡಪ್ಪನ ಎದುರಿಗೆ ನಿಂತು ಅವನ ಮುಖವನ್ನೇ ನೋಡಿದಳು.

"ಬಾವನೋರ, ಇವು ನಮ್ಮವ್ವನ ನೋಡಾಕ ಅಂತ ಬಡಿದ ರೊಟ್ಟಿ. ನೀವ ಹೇಳಿದ್ರಿ, ನಾ ಬಡಿದೆ. ಎಲ್ಲಾರೂ ಉಂಡ್ರಿ. ಈಗ ನಮ್ಮವ್ವನ ತೋರಿಸ್ರಿ."

ಎಲ್ಲರ ಬಾಯಲ್ಲೂ ರೊಟ್ಟಿ ಇತ್ತು, ನನ್ನ ಬಾಯಲ್ಲೂ ಇತ್ತು. ಖಡಕ್ ರೊಟ್ಟಿಯನ್ನು ಹಾಗೆಯೇ ನುಂಗಲು ಬರುವುದಿಲ್ಲ, ಸಪ್ಪಳ ಮಾಡದೆ ಅಗಿಯಲೂ ಬರುವುದಿಲ್ಲ. ಅವಳು ಉತ್ತರಕ್ಕೆ ಕಾಯುತ್ತ ನಿಂತಿದ್ದಳು.